ಗ್ರಹಣದ ದಿನ ಹೆಚ್ಚಿದ ಸೌತೆಕಾಯಿ

ನಾಡಿದ್ದು ಅಮಾವಾಸ್ಯೆಗೆ ಸೂರ್ಯಗ್ರಹಣ. ಇವತ್ತು ಈ ಕಟ್ಟೆಗೆ ಬಂದು ಕೂತವರ ಬಾಯಲ್ಲೆಲ್ಲ ಅದೇ ಮಾತು. ಯಾವ ರಾಶಿಗೆ ಶುಭ, ಯಾವ ರಾಶಿಗೆ ಮಿಶ್ರ, ಯಾವ ರಾಶಿಗೆ ಅಶುಭ? ಅಶುಭ ಬಂದವರು ದಾನ ಏನು ಕೊಡಬೇಕು, ಗೋಧಿಯೋ ಹುರುಳಿಯೋ? ಕೇಳುವುದು ತಪ್ಪಲ್ಲ. ಕೊಡುವುದಂತೂ ತಪ್ಪೇ ಅಲ್ಲ. ಗೋಧಿ ತಗೊಂಡವನ ಮನೆಯಲ್ಲಿ ಅವತ್ತು ರೊಟ್ಟಿಯಾದರೂ ಆಗುತ್ತದೆ. ಆದರೆ ನೋಡಿ, ಗ್ರಹಣ ಅಂದರೆ ಅರ್ಥ ಏನು ಅಂತ ಒಬ್ಬರೂ ಕೇಳಲಿಲ್ಲ.

ಜ್ಯೋತಿಷ್ಯ ಹೇಳುವುದು ಇಷ್ಟು. ಸೂರ್ಯ ಅಂದರೆ ಆತ್ಮ, ಸೂರ್ಯ ಅಂದರೆ ತಂದೆ. ಚಂದ್ರ ಅಂದರೆ ಮನಸ್ಸು, ಚಂದ್ರ ಅಂದರೆ ತಾಯಿ. ರಾಹು ಕೇತು ಅಂದರೆ ಬರೀ ನೆರಳು, ಅವಕ್ಕೆ ಮೈಯೇ ಇಲ್ಲ. ಅಮಾವಾಸ್ಯೆಯ ದಿನ ಅಷ್ಟು ಸಣ್ಣ ಚಂದ್ರ ಬಂದು ಅಷ್ಟು ದೊಡ್ಡ ಸೂರ್ಯನಿಗೆ ಅಡ್ಡ ನಿಲ್ಲುತ್ತಾನೆ. ಒಳಗಿನ ಬೆಳಕಿಗೆ ಮನಸ್ಸು ಅಡ್ಡ ನಿಂತ ಹಾಗೆ. ಆಕಾಶದಲ್ಲಿ ಇದು ಎಂದೋ ಒಮ್ಮೆ ಆಗುತ್ತದೆ. ನಮ್ಮ ನಿಮ್ಮ ಮನೆಯಲ್ಲಿ ಎಂದೆಂದು ಆಗುತ್ತದೆ? ಹೇಳಲಿಕ್ಕೆ ಬಾಯಿ ಬರುವುದಿಲ್ಲ ಅಲ್ಲವೇ? ಇರಲಿ, ಕಥೆ ಕೇಳಿ.

ಇದ್ದನಪ್ಪ ಒಬ್ಬ ಶ್ರೀಮಂತ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ನಮ್ಮ ಬೀಗರ ಊರು ಅಂತ ಎದ್ದು ನಿಂತುಬಿಡುತ್ತೀರಿ. ಕಪ್ಪು ಮಣ್ಣಿನ ಸೀಮೆ, ಕುಸುಬೆ ಬೆಳೆಯುವ ಊರು. ಈ ಮನುಷ್ಯನದು ಕುಸುಬೆ ಎಣ್ಣೆಯ ಗಾಣ. ಹೆಸರು ಬಂಗಾರೆಪ್ಪ, ಊರವರ ಬಾಯಲ್ಲಿ ಸಾಹುಕಾರ. ಅವನಿಗೊಂದು ಮೀಸೆ ಇತ್ತು ನೋಡಿ, ದಪ್ಪ ಮೀಸೆ. ಬಾಯಿಯ ಮೇಲೆ ಹೊದಿಕೆ ಹೊದಿಸಿದಂಥ ಮೀಸೆ. ಅದಕ್ಕೆ ದಿನಾ ಬೆಳಿಗ್ಗೆ ತನ್ನ ಗಾಣದ ಎಣ್ಣೆಯನ್ನೇ ಸವರುತ್ತಿದ್ದ. ಸಾಹುಕಾರನ ಎಣ್ಣೆ ಅರ್ಧ ಸಂತೆಗೆ, ಅರ್ಧ ಮೀಸೆಗೆ ಅಂತ ಗಾಣದ ಆಳುಗಳು ಅವನ ಬೆನ್ನ ಹಿಂದೆ ನಗುತ್ತಿದ್ದರು.

ಆದರೆ ಈ ಕಥೆ ಅವನದಲ್ಲ. ಅವನ ಹೆಂಡತಿ ನೀಲಗಂಗವ್ವನದು.

ನೀಲಗಂಗವ್ವನ ಮನೆಗೆ ಸೌತೆಕಾಯಿ ಬರುತ್ತಿರಲಿಲ್ಲ. ಸಂತೆಯಲ್ಲಿ ಎಳೆ ಸೌತೆಕಾಯಿ ಕಂಡರೆ ಮುಖ ಆ ಕಡೆ ತಿರುಗಿಸಿ ಮುಂದೆ ಹೋಗುತ್ತಿದ್ದಳು. ಮದುವೆ ಮನೆಯಲ್ಲಿ ಎಲೆಯ ತುದಿಗೆ ಕೋಸಂಬರಿ ಬಡಿಸಿದರೆ ಅದನ್ನು ಬೆರಳಲ್ಲಿ ಒತ್ತಿ ಪಕ್ಕಕ್ಕಿಡುತ್ತಿದ್ದಳು. ಯಾಕೆ? ಒಂದು ಕಾಲಕ್ಕೆ ಅವಳಿಗೆ ಅದೇ ಬಲು ಇಷ್ಟದ ತಿನಿಸು. ಮಗಳು ದಾಕ್ಷಾಯಣಿಗೆ ಎಷ್ಟು ವಯಸ್ಸೋ ಅಷ್ಟು ವರ್ಷದಿಂದ ಬಿಟ್ಟಿದ್ದಳು.

ದಾಕ್ಷಾಯಣಿ ಹೊಟ್ಟೆಯಲ್ಲಿದ್ದಾಗ ನೀಲಗಂಗವ್ವನಿಗೆ ಏಳು ತಿಂಗಳು. ಆಗಲೂ ಇಂಥದೇ ಒಂದು ಸೂರ್ಯಗ್ರಹಣ ಬಂತು. ಗ್ರಹಣದ ಹೊತ್ತಿನಲ್ಲಿ ಬಸುರಿ ಏನಾದರೂ ಹೆಚ್ಚಿದರೆ ಕೂಸಿನ ತುಟಿ ಸೀಳುತ್ತದೆ ಅನ್ನುತ್ತಾರಲ್ಲ, ಅದಕ್ಕೇ ಬಸುರಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿದರು. ಹೊರಗೆ ಪಡಸಾಲೆಯಲ್ಲಿ ಅತ್ತೆ ಹಿತ್ತಾಳೆ ಪರಾತಕ್ಕೆ ನೀರು ಹಾಕಿ ಒನಕೆ ನಿಲ್ಲಿಸಿದಳು. ನಿಮಗೆಲ್ಲ ಗೊತ್ತಿದ್ದದ್ದೇ. ಗ್ರಹಣ ಹಿಡಿದಾಗ ಒನಕೆ ತಾನಾಗಿ ನಿಲ್ಲುತ್ತದೆ, ಗ್ರಹಣ ಬಿಟ್ಟಾಗ ತಾನಾಗಿ ಬೀಳುತ್ತದೆ ಅಂತ ನಂಬಿಕೆ. ಸ್ವಲ್ಪ ಹೊತ್ತಿಗೆ ಒನಕೆ ದಡ್ಡಂತ ಬಿತ್ತು. ಗ್ರಹಣ ಬಿಟ್ಟಿತು ಅಂದುಕೊಂಡು ಹಸಿದ ಬಸುರಿ ಹೊರಗೆ ಬಂದಳು. ಅಡುಗೆಮನೆಯಲ್ಲಿ ಈಳಿಗೆ ಮುಂದಿಟ್ಟುಕೊಂಡು ಒಂದು ಸೌತೆಕಾಯಿ ಹೆಚ್ಚಿದಳು. ಹೆಚ್ಚಿ ಮುಗಿಯುವಷ್ಟರಲ್ಲಿ ಗುಡಿಯ ಕಡೆಯಿಂದ ಶಂಖ ಊದಿದರು. ಆಗ ಗೊತ್ತಾಯಿತು, ಗ್ರಹಣ ಬಿಟ್ಟದ್ದು ಈಗ. ಒನಕೆ ಮೊದಲೇ ಬಿದ್ದಿತ್ತು. ಬೆಕ್ಕು ತಾಗಿತೋ, ನೆಲ ಓರೆಯಿತ್ತೋ, ಯಾರಿಗೆ ಗೊತ್ತು?

ಎರಡು ತಿಂಗಳಿಗೆ ಮಗು ಹುಟ್ಟಿತು. ಮೇಲ್ದುಟಿ ಸೀಳಿತ್ತು.

ಸೂಲಗಿತ್ತಿ ಮಗುವನ್ನು ತಂದು ತೋರಿಸಿದಾಗ ಬಂಗಾರೆಪ್ಪ ಮಗುವಿನ ಕಣ್ಣು ನೋಡಲಿಲ್ಲ, ಬೆರಳು ನೋಡಲಿಲ್ಲ. ಬಾಗಿಲಲ್ಲಿ ನಿಂತು ಹೆಂಡತಿಯನ್ನು ಒಂದೇ ಮಾತು ಕೇಳಿದ.

“ಏನ ಹೆಚ್ಚಿದಿ?”

ಬಾಣಂತಿ ಹೇಳಿಬಿಟ್ಟಳು. ಸುಳ್ಳು ಹೇಳಲು ಬರುತ್ತಿರಲಿಲ್ಲ ಪಾಪ. ಒನಕೆ ಬಿದ್ದ ಮೇಲೇ ಹೆಚ್ಚಿದ್ದು ಅಂದಳು. ಅತ್ತೆ ಪಕ್ಕದಲ್ಲೇ ಇದ್ದಳು. ಹೌದು, ಒನಕೆ ಬಿದ್ದಿತ್ತು ಅಂತ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಳು. ಆ ಮೌನ ಯಾಕೆ ಅನ್ನುವುದನ್ನು ನೆನಪಿಡಿ, ಮುಂದೆ ಬರುತ್ತದೆ.

ಅವತ್ತಿನಿಂದ ಆ ಮನೆಗೆ ಗ್ರಹಣ ಹಿಡಿಯಿತು. ಬಂಗಾರೆಪ್ಪ ಹೊಡೆಯುವವನಲ್ಲ, ಬಡಿಯುವವನಲ್ಲ. ಸೀರೆ ತರುತ್ತಿದ್ದ, ಬಂಗಾರ ತರುತ್ತಿದ್ದ. ಆದರೆ ಮಗಳು ಹಾಲು ಕುಡಿಯಲು ಬಾರದೆ ಅತ್ತಾಗ ಅವನ ಬಾಯಲ್ಲಿ ಸೌತೆಕಾಯಿ. ಆರನೆಯ ವಯಸ್ಸಿಗೆ ದೊಡ್ಡಾಸ್ಪತ್ರೆಯಲ್ಲಿ ತುಟಿ ಹೊಲಿಸಿ ತಂದಾಗ ಸೌತೆಕಾಯಿ. ಮಗಳನ್ನು ನೋಡಲು ಬಂದ ಗಂಡಿನವರು ತುಟಿಯ ಗೆರೆ ಕಂಡು ಎದ್ದು ಹೋದಾಗ ಸೌತೆಕಾಯಿ. ಎಲ್ಲದಕ್ಕೂ ಒಂದೇ. ಆಮೇಲಾಮೇಲೆ ಅವನು ಬಾಯಿ ಬಿಟ್ಟು ಹೇಳುವುದೂ ಬೇಕಾಗಲಿಲ್ಲ, ಸುಮ್ಮನೆ ಒಮ್ಮೆ ನೋಡಿದರೆ ಸಾಕಿತ್ತು. ನೀಲಗಂಗವ್ವ ತಲೆ ತಗ್ಗಿಸುತ್ತಿದ್ದಳು. ಅವಳಿಗೂ ಹಾಗೇ ಅನ್ನಿಸಿಬಿಟ್ಟಿತ್ತು ನೋಡಿ: ಹೊಟ್ಟೆಯೊಳಗಿನ ಕೂಸಿನ ತುಟಿಯನ್ನು ನನ್ನ ಕೈಯಾರೆ ಕೊಯ್ದೆ ಅಂತ.

ದಾಕ್ಷಾಯಣಿ ಮಾತ್ರ ಬೇರೆ ಥರದ ಹುಡುಗಿ. ತುಟಿಯ ಗೆರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡವಳಲ್ಲ. ಕೊನೆಗೆ ಅವಳನ್ನು ಮೆಚ್ಚಿ ಕೇಳಿಕೊಂಡು ಬಂದ ಒಬ್ಬ ಸಾಲೆ ಮಾಸ್ತರನ ಕೈಹಿಡಿದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು, ಎಂಟು ತಿಂಗಳ ಬಸುರಿ.

ಬಂದ ವಾರದಲ್ಲೇ ಪಂಚಾಂಗದ ಅಯ್ಯನವರು ಬಂದು ಸುದ್ದಿ ಹೇಳಿದರು, ಈ ಅಮಾವಾಸ್ಯೆಗೆ ಸೂರ್ಯಗ್ರಹಣ. ಅದೂ ಬಂಗಾರೆಪ್ಪನ ಜನ್ಮರಾಶಿಯಲ್ಲೇ. ಫಲ ಏನು ಅಂತ ಅವನು ಕೇಳಿದ. ಅಯ್ಯನವರು ಬೆರಳು ಮಡಚಿ, ಕಣ್ಣು ಮುಚ್ಚಿ, ಮುಚ್ಚಿಟ್ಟದ್ದು ಬಯಲಿಗೆ ಬರುವ ಯೋಗ ಅಂದರು. ಬಂಗಾರೆಪ್ಪನಿಗೆ ಮೊದಲು ನೆನಪಾದದ್ದು ಗೋದಾಮು. ಗೋದಾಮಿನಲ್ಲಿ ಏನಿತ್ತೋ, ಸರಕಾರದವರಿಗೆ ಏನು ತೋರಿಸಿರಲಿಲ್ಲವೋ, ಅವನಿಗೇ ಗೊತ್ತು. ಅವತ್ತೇ ಶಾಂತಿ ಮಾಡಿಸಿದ, ಗೋಧಿ ದಾನ ಕೊಟ್ಟ. ಎದುರಿನವರ ಕಣ್ಣು ಎಲ್ಲೆಲ್ಲಿ ಬೀಳಬಹುದು ಅಂತ ಮನೆಯ ಮೂಲೆಮೂಲೆ ನೋಡಿಕೊಂಡ. ಕನ್ನಡಿ ನೋಡಿಕೊಳ್ಳಲಿಲ್ಲ.

ನೀಲಗಂಗವ್ವನಿಗೆ ರಾಶಿಯೂ ಬೇಡ, ಫಲವೂ ಬೇಡ. ಅವಳ ತಲೆಯಲ್ಲಿ ಒಂದೇ ಇತ್ತು, ಮಗಳ ಹೊಟ್ಟೆಯ ಕೂಸಿನ ತುಟಿ. ಗ್ರಹಣದ ಹಿಂದಿನ ದಿನವೇ ಈಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ನೆರೆಮನೆಗೆ ಕೊಟ್ಟು ಬಂದಳು. ಚಾಕು, ಕುಡಗೋಲು, ಕತ್ತರಿ, ಹೊಲಿಯುವ ಸೂಜಿ, ಗಂಡನ ಕ್ಷೌರದ ಬ್ಲೇಡು, ಎಲ್ಲ ಹೋಯಿತು. ಅಡಿಕೆ ಕತ್ತರಿಸುವ ಅಡಕೊತ್ತನ್ನೂ ಬಿಡಲಿಲ್ಲ. ಮರುದಿನ ಮಗಳನ್ನು ಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲ ಹೊರಗೆ ಪರಾತದಲ್ಲಿ ಒನಕೆ ನಿಲ್ಲಿಸಿ, ಅದರ ಮುಂದೆ ತಾನೇ ಕಾವಲು ಕೂತಳು. ಬಸುರಿಗೆ ನೀರು, ಗಂಜಿ ಕೊಡಬಹುದು ಅಂತ ಅಯ್ಯನವರೇ ಹೇಳಿದ್ದರು. ಅದಿಲ್ಲದಿದ್ದರೆ ಅದನ್ನೂ ಕೊಡುತ್ತಿರಲಿಲ್ಲವೋ ಏನೋ.

ಗ್ರಹಣ ಹಿಡಿಯಿತು. ಬಿಸಿಲು ಮಂಕಾಯಿತು, ಗೂಡು ಸೇರಿದ ಕೋಳಿಗಳು ಕೊಕ್ಕೊಕ್ಕೊ ಅಂದವು. ಗ್ರಹಣ ಬಿಟ್ಟಿತು. ಗುಡಿಯಲ್ಲಿ ಶಂಖ ಊದಿದರು. ಓಣಿಯಲ್ಲಿ ಎಲ್ಲರ ಮನೆಯಲ್ಲೂ ನೀರು ಸುರಿದುಕೊಳ್ಳುವ ಸದ್ದು. ಆಮೇಲೆ ಒಗ್ಗರಣೆಯ ವಾಸನೆ. ಬಂಗಾರೆಪ್ಪ ಮಿಂದು, ಅಂಗಳದಲ್ಲಿ ಬಿಸಿಲಿಗೆ ನಿಂತು ಮೀಸೆ ಒರೆಸಿಕೊಂಡ. ಒನಕೆ ಬೀಳಲಿಲ್ಲ.

ನೀಲಗಂಗವ್ವ ಅಲುಗಲಿಲ್ಲ. ಅಂದು ಒನಕೆ ಬೇಗ ಬಿದ್ದು ಮೋಸ ಮಾಡಿತ್ತು. ಇಂದು ಅದು ಬೀಳುವ ತನಕ ಅವಳು ಏಳುವವಳಲ್ಲ. ನೋಡಿ, ಒಮ್ಮೆ ಸುಳ್ಳು ಹೇಳಿದ ಒನಕೆಯ ಮೇಲೇ ಅವಳಿಗೆ ಮತ್ತೆ ನಂಬಿಕೆ. ನಗಬೇಡಿ. ನಮಗೆ ಪೆಟ್ಟು ಕೊಟ್ಟ ಜಾಗಕ್ಕೇ ನಾವು ಮತ್ತೆ ಮತ್ತೆ ಹೋಗಿ ಕೈಮುಗಿಯುವುದಿಲ್ಲವೇ?

ಒಳಗಿನಿಂದ ಮಗಳ ದನಿ ಬಂತು.

“ಅವ್ವಾ, ಸೂರ್ಯನ್ನ ಬಿಟ್ಟಾತು. ನಿನ್ನ ಒನಕಿ ಬಿಡವಲ್ದು.”

“ಸುಮ್ಮನ ಕೂಡ ಅಲ್ಲೇ.”

“ಹೊಟ್ಟಿಯೊಳಗಿನ ಕೂಸು ಒದಿಯಾಕತ್ತೈತಿ. ಅದಕ್ಕೂ ಒಗ್ಗರಣಿ ವಾಸನಿ ಬಡದಿರಬೇಕು.”

ಕಡೆಗೆ ನೆರೆಮನೆಯವಳು ಈಳಿಗೆ ವಾಪಸು ಕೊಡಲು ದಡದಡ ಒಳಗೆ ಬಂದಳು. ಅವಳ ಕಾಲಿನ ಸದ್ದಿಗೆ ನೆಲ ಅದುರಿ ಒನಕೆ ಪರಾತದ ಆಚೆಗೆ ಉರುಳಿತು. ನೀಲಗಂಗವ್ವ ಉಸಿರು ಬಿಟ್ಟಳು. ಬಾಗಿಲು ತೆಗೆದಳು. ಮಗಳ ತಲೆಗೆ ನೀರು ಹಾಕಿದಳು. ಈ ಸಲ ಒಂದು ಎಳೆಯೂ ತಪ್ಪಿಲ್ಲ. ಒಂದು ದಾರವೂ ತುಂಡಾಗಿಲ್ಲ. ಇನ್ನು ಯಾರೂ ನನ್ನನ್ನು ಏನೂ ಕೇಳುವಂತಿಲ್ಲ, ಅಂದುಕೊಂಡಳು.

ದಿನ ತುಂಬಿತು. ತಾಲೂಕಿನ ಆಸ್ಪತ್ರೆಯಲ್ಲಿ ದಾಕ್ಷಾಯಣಿಗೆ ಹೆರಿಗೆಯಾಯಿತು. ಹೊರಗಿನ ಬೆಂಚಿನ ಮೇಲೆ ಗಂಡ ಹೆಂಡತಿ ಇಬ್ಬರೂ ಕೂತಿದ್ದರು, ನಡುವೆ ಬಿಸಿನೀರಿನ ಥರ್ಮಾಸು. ನರ್ಸಮ್ಮ ಕೂಸನ್ನು ತಂದು ಹೆಣ್ಣು ಅಂದಳು. ನೀಲಗಂಗವ್ವ ಎದ್ದು ಕೈ ಚಾಚಿ ತೆಗೆದುಕೊಂಡಳು. ಬಟ್ಟೆ ಸರಿಸಿದಳು.

ಮೇಲ್ದುಟಿ ಸೀಳಿತ್ತು.

ಏನಾಗಿರಬೇಕು ನೀಲಗಂಗವ್ವನಿಗೆ, ನೀವೇ ಹೇಳಿ. ಕೂಸನ್ನು ಹಿಡಿದುಕೊಂಡೇ ಮತ್ತೆ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ಗಂಡ ಬಗ್ಗಿ ನೋಡಿದ್ದು, ಅವನ ಮುಖ ಕಲ್ಲಾದದ್ದು, ಎಲ್ಲ ಗೊತ್ತಾಯಿತು. ಇನ್ನೇನು ಬರುತ್ತದೆ ಅನ್ನುವುದೂ ಗೊತ್ತಿತ್ತು. ಬಂದೇ ಬಂತು. ಎಷ್ಟೋ ವರ್ಷದಿಂದ ನಾಲಗೆಗೆ ರೂಢಿಯಾದ ಮಾತು, ತಾನಾಗಿ ಉರುಳಿ ಬಂತು.

“ಈ ಸಲ ಏನ ಹೆಚ್ಚಿದಿ?”

ನೀಲಗಂಗವ್ವ ಬಾಯಿ ತೆರೆದಳು, ತಪ್ಪು ಒಪ್ಪಿಕೊಳ್ಳಲು. ಅದೂ ರೂಢಿಯೇ. ಆದರೆ ಒಪ್ಪಿಕೊಳ್ಳಲು ಏನೂ ಸಿಗಲಿಲ್ಲ. ಹುಡುಕಿದಳು. ಈಳಿಗೆ ನೆರೆಮನೆಯಲ್ಲಿತ್ತು. ಚಾಕು ಇರಲಿಲ್ಲ, ಸೂಜಿ ಇರಲಿಲ್ಲ. ಒನಕೆ ಬಿದ್ದ ಮೇಲೇ ಬಾಗಿಲು ತೆರೆದದ್ದು. ಅವಳು ತಲೆ ಎತ್ತಿ ಗಂಡನ ಮುಖ ನೋಡಿದಳು. ತಲೆ ಎತ್ತಿ ನೋಡಿ ಎಷ್ಟು ಕಾಲವಾಗಿತ್ತೋ.

“ಏನೂ ಹೆಚ್ಚಿಲ್ಲ,” ಅಂದಳು.

ಹೇಳಿದ ಮೇಲೆ ಅವಳಿಗೇ ಆ ಮಾತು ಕೇಳಿಸಿತು. ಏನೂ ಹೆಚ್ಚಿಲ್ಲ. ಹಾಗಾದರೆ... ಹಾಗಾದರೆ ಅಂದು? ಎದೆಯ ಮೇಲೆ ಇಟ್ಟಿದ್ದ ಕಲ್ಲನ್ನು ಯಾರೋ ಒಂದು ಬದಿಯಿಂದ ಎತ್ತಿದ ಹಾಗಾಯಿತು.

ನರ್ಸಮ್ಮ ಇವರ ಮಾತು ಕೇಳಿಸಿಕೊಳ್ಳಲಿಲ್ಲ, ಅವಳಿಗೆ ಅವಳ ಕೆಲಸ. ಗಾಬರಿ ಬೇಡ, ಕೆಲವು ತಿಂಗಳು ಬಿಟ್ಟು ಹೊಲಿಯುತ್ತಾರೆ, ಈಗ ಮೊದಲಿನ ಹಾಗಲ್ಲ, ಗೆರೆಯೂ ಹೆಚ್ಚು ಕಾಣುವುದಿಲ್ಲ, ಹಾಲು ಕುಡಿಸುವುದು ಹೇಗೆ ಅಂತ ನಾನು ಹೇಳಿಕೊಡುತ್ತೇನೆ ಅಂದಳು. ಆಮೇಲೆ ದಿನಾ ಕೇಳುವ ಹಾಗೆ ಕೇಳಿದಳು, “ನಿಮ್ಮ ಮನಿತನದಾಗ ಹಿಂದ ಯಾರಿಗರೆ ಹಿಂಗ ಇತ್ತೇನ್ರಿ?”

ಕೂಸಿನ ತಾಯಿಗೇ ಇತ್ತು ಅಂದಳು ನೀಲಗಂಗವ್ವ. ಅದಕ್ಕೂ ಹಿಂದೆ ಯಾರಿಗೆ, ಅಂತ ನರ್ಸಮ್ಮ.

ಆಗ ನೀಲಗಂಗವ್ವ ಒಂದು ಸಂಗತಿ ಕಂಡಳು. ಪಕ್ಕದಲ್ಲಿ ಕೂತ ಗಂಡನ ಬಲಗೈ ತೊಡೆಯ ಮೇಲಿಂದ ಎದ್ದಿತು. ಮೆಲ್ಲಗೆ ಮೇಲೆ ಹೋಗಿ ಮೀಸೆಯ ಮೇಲೆ ಕೂತಿತು. ಅಲ್ಲೇ ಕೂತುಬಿಟ್ಟಿತು.

ಅವನ ಮೀಸೆಯ ಕೆಳಗೆ ಒಂದು ಕಚ್ಚು ಇರುವುದು ಅವಳಿಗೆ ಗೊತ್ತಿತ್ತು. ಹೆಂಡತಿಗೆ ಗೊತ್ತಿರದೆ ಇರುತ್ತದೆಯೇ? ಚಿಕ್ಕಂದಿನಲ್ಲಿ ಹೋರಿಯ ಕೊಂಬು ತಾಗಿದ್ದು ಅಂತ ಅತ್ತೆ ಹೇಳಿದ್ದಳು, ಇವಳು ನಂಬಿದ್ದಳು. ಅವನೂ ಬಹಳ ವರ್ಷ ಅದನ್ನೇ ನಂಬಿದ್ದ.

ಬಂಗಾರೆಪ್ಪ ಎದ್ದು ಹೊರಗೆ ಹೋದ. ಇನ್ನು ಎರಡು ದಿನ ಮುಖ ತೋರಿಸುವುದಿಲ್ಲ ಅಂದುಕೊಂಡಳು ಅವಳು. ಒಳಗೆ ಹೋಗಿ ಮಗಳ ಪಕ್ಕ ಕೂಸನ್ನು ಮಲಗಿಸಿದಳು. ದಾಕ್ಷಾಯಣಿ ಕೂಸಿನ ತುಟಿ ನೋಡಿ, ಬೆರಳಿನಿಂದ ತನ್ನ ತುಟಿ ಮುಟ್ಟಿಕೊಂಡು, ನನ್ನ ಮಗಳು ಅಂತ ಯಾರಿಗೂ ಬೇರೆ ಹೇಳಬೇಕಾಗಿಲ್ಲ ಅಂತ ನಕ್ಕಳು. ನೀಲಗಂಗವ್ವನಿಗೆ ಅಳು ಬಂತು. ಕೂಸಿನ ತುಟಿ ಹೀಗಿರುವಾಗ ತನ್ನ ಎದೆ ಹಗುರಾಯಿತಲ್ಲ, ಇದು ಪಾಪವಲ್ಲವೇ ಅಂತ ಮಗಳನ್ನೇ ಕೇಳಿದಳು.

ಮಗಳು ತಾಯಿಯ ಕೈ ಹಿಡಿದುಕೊಂಡಳು. “ನಂದು ಆರು ವರ್ಷಕ್ಕ ಹೊಲಿದು ಮುಗೀತವ್ವ. ಇಕೀದು ಇನ್ನೂ ಜಲ್ದಿ ಮುಗೀತೈತಿ. ನಿಂದ ಇವತ್ತಿನ ತನಕ ಮುಗದಿದ್ದಿಲ್ಲ.”

ಸಂಜೆ ಬಾಗಿಲಲ್ಲಿ ಯಾರೋ ಬಂದು ನಿಂತರು. ನೀಲಗಂಗವ್ವ ಯಾರೋ ಹೊರಗಿನವರು ಅಂದುಕೊಂಡು ಸೆರಗು ಎಳೆದುಕೊಂಡಳು. ಬಂಗಾರೆಪ್ಪ. ಮೀಸೆ ಇರಲಿಲ್ಲ.

ನೋಡಿ, ನಮ್ಮ ಸೀಮೆಯಲ್ಲಿ ಗಂಡಸು ಮೀಸೆ ತೆಗೆಯುವುದು ಸಣ್ಣ ಮಾತಲ್ಲ. ಅದೂ ಅಂಥ ಮೀಸೆ. ಬಸ್‌ಸ್ಟ್ಯಾಂಡಿನ ಕ್ಷೌರದಂಗಡಿಯವನು ಮೂರು ಸಲ ಕೇಳಿದನಂತೆ, ಖರೇನ ತೆಗೀಲೇನ್ರಿ ಸಾಹುಕಾರ್ರ ಅಂತ. ಮೂಗಿನ ಕೆಳಗಿನಿಂದ ತುಟಿಯ ಅಂಚಿನ ತನಕ ಒಂದು ಸಣ್ಣ ಗೆರೆ, ಕೊನೆಯಲ್ಲಿ ಒಂದು ಕಚ್ಚು. ಬಿಸಿಲು ಕಾಣದ ಆ ಜಾಗ ಮಗುವಿನ ಚರ್ಮದ ಹಾಗೆ ಬೆಳ್ಳಗಿತ್ತು.

ಅವನು ಹೆಂಡತಿಯ ಎದುರಿಗೆ ಸ್ಟೂಲಿನ ಮೇಲೆ ಕೂತ.

“ಹೋರಿ ಕೊಂಬು ಬಡದಿದ್ದಲ್ಲ ಇದು,” ಅಂದ. “ಹುಟ್ಟತಾನ ಹಿಂಗ ಇತ್ತು. ಅವ್ವ ಸಾಯೂ ಮುಂದ ಹೇಳಿದ್ಲು. ಆಕೀನ್ನೂ ಯಾರೋ ಕೇಳಿದ್ರಂತ, ಏನ ಹೆಚ್ಚಿದಿ ಅಂತ. ಅದಕ್ಕ ಹೋರಿ ಕತಿ ಕಟ್ಟಿದ್ಲು.”

ಆ ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದು ಯಾಕೆ ಅಂತ ಈಗ ತಿಳಿಯಿತೇ? ಸೊಸೆಯ ಪರ ಮಾತಾಡಿದರೆ ತನ್ನ ಕಥೆ ಹೊರಬೀಳುತ್ತಿತ್ತು. ತನಗೆ ಹಿಡಿದಿದ್ದ ಗ್ರಹಣ ಸೊಸೆಗೆ ದಾಟಿಕೊಂಡದ್ದನ್ನು ಸುಮ್ಮನೆ ನೋಡಿದಳು. ಸಾಯುವಾಗ ಮಗನಿಗೆ ಹೇಳಿದಳು. ಮಗನೂ ಸುಮ್ಮನಿದ್ದ. ಅವನಿಗೆ ತಿಳಿಯಲಿಲ್ಲವೇ? ತಿಳಿದಿತ್ತು. ಒಳಗಿನ ಸೂರ್ಯನಿಗೆ ಎಲ್ಲ ತಿಳಿದಿತ್ತು. ಮನಸ್ಸು ಅಡ್ಡ ನಿಂತಿತ್ತು. ಸೌತೆಕಾಯಿ ಅಂದುಬಿಟ್ಟರೆ ಎಷ್ಟು ಸುಲಭ, ಮೀಸೆ ಸರಿಸಿ ನೋಡುವುದು ಎಷ್ಟು ಕಷ್ಟ.

ನೀಲಗಂಗವ್ವ ಆ ಮುಖವನ್ನೇ ನೋಡಿದಳು. ಬೈಯಬೇಕು ಅನ್ನಿಸಿತು. ಕೂಡಿಟ್ಟ ಮಾತು ಒಂದು ಗಾಡಿಯಷ್ಟಿತ್ತು. ಒಂದು ಮಾತು ಆಡಿಯೂ ಆಡಿದಳು, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ. ಅವನು ಸುಳ್ಳು ಉತ್ತರ ಕಟ್ಟಲು ಹೋಗಲಿಲ್ಲ. ತಪ್ಪು ನಂದು ಅಂದ, ಮಗಳಿಗೂ ಕೇಳುವ ಹಾಗೆ ಅಂದ. ಆಮೇಲೆ ಕೂಸನ್ನು ಎತ್ತಿ ಅವನ ತೊಡೆಯ ಮೇಲೆ ಹಾಕಿದಳು ಅವಳು. ಅಜ್ಜ ಮೊಮ್ಮಗಳು ಒಬ್ಬರ ಬಾಯಿ ಒಬ್ಬರು ನೋಡಿದರು. ನೀಲಗಂಗವ್ವನಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಮೀಸೆ ಇಲ್ಲದ ಸಾಹುಕಾರನ ಮುಖ ನೋಡಿ ಅವಳು ಕಣ್ಣೀರು ಬರುವ ಹಾಗೆ ನಕ್ಕಳು.

ಮುಚ್ಚಿಟ್ಟದ್ದು ಬಯಲಿಗೆ ಬರುತ್ತದೆ ಅಂತ ಅಯ್ಯನವರು ಹೇಳಿದ್ದು ಸುಳ್ಳಾಯಿತೇ? ಆಗಲಿಲ್ಲ. ಅವನು ಗೋದಾಮು ಅಂದುಕೊಂಡಿದ್ದ, ಅಷ್ಟೆ.

ಕೂಸು ಮನೆಗೆ ಬಂದ ಮೇಲಿನ ಸಂತೆಗೆ ನೀಲಗಂಗವ್ವ ತಾನೇ ಹೋದಳು. ಎಳೆ ಸೌತೆಕಾಯಿ ಎರಡು ಆರಿಸಿದಳು, ಮೂಸಿ ನೋಡಿದಳು. ಮನೆಗೆ ಬಂದು ಈಳಿಗೆ ಹಾಕಿಕೊಂಡು ಪಡಸಾಲೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ ಕೂತು ಹೆಚ್ಚಿದಳು. ಮೊದಲ ಹೋಳು ಗಂಡನಿಗೆ ಕೊಟ್ಟಳು. ಅವನು ತಿಂದ. ಉಪ್ಪು ಬೇಕು ಅಂದ. ಎದ್ದು ತಗೊ ಅಂದಳು ಅವಳು. ಎದ್ದು ತಗೊಂಡ.

ಈಗ ನಿಮ್ಮ ಮಾತಿಗೆ ಬರೋಣ.

ಪಂಚಾಂಗ ತೆಗೆದು ನೋಡಿ. ಪ್ರತಿ ಗ್ರಹಣಕ್ಕೂ ಮೂರು ವೇಳೆ ಬರೆದಿರುತ್ತಾರೆ, ಹಿಡಿಯುವ ಸ್ಪರ್ಶ, ನಡುವಿನ ಮಧ್ಯ, ಬಿಡುವ ಮೋಕ್ಷ. ಮೋಕ್ಷದ ವೇಳೆ ಬರೆಯದ ಗ್ರಹಣ ಯಾವ ಪಂಚಾಂಗದಲ್ಲೂ ಇಲ್ಲ. ರಾಹುವಿಗೂ ಅಷ್ಟು ನಿಯಮ ಇದೆ, ಹಿಡಿದದ್ದನ್ನು ಬಿಡುತ್ತಾನೆ. ನಾವು ಮನೆಯಲ್ಲಿ ಒಬ್ಬರಿಗೆ ಹಿಡಿಸಿದ ಗ್ರಹಣಕ್ಕೆ ಮೋಕ್ಷದ ವೇಳೆ ಬರೆದಿದ್ದೇವೆಯೇ? ಕಾಲಿಟ್ಟ ಗಳಿಗೆ ಸರಿಯಿಲ್ಲ ಅಂತ ಯಾವ ಸೊಸೆಗೆ ಹೇಳಿದ್ದೀರಿ? ನೀನು ಹುಟ್ಟಿದ ಮೇಲೇ ಮನೆ ಮುಳುಗಿತು ಅಂತ ಯಾವ ಮಗುವಿಗೆ ಹೇಳಿದ್ದೀರಿ? ಗಂಡಸರೇ, ನಿಮ್ಮ ಕೈ ಈಗ ಎಲ್ಲಿಗೆ ಹೋಗುತ್ತಿದೆ? ಹೆಂಗಸರೇ, ನೀವು ನಗಬೇಡಿ. ಗೋಡೆಯ ಕಡೆ ಮುಖ ಮಾಡಿ ಕೂತ ಅತ್ತೆ ನಿಮ್ಮಲ್ಲೂ ಇದ್ದಾಳೆ.

ನಾಡಿದ್ದು ಗ್ರಹಣ. ಬೇಕಾದರೆ ಒನಕೆ ನಿಲ್ಲಿಸಿ, ಬೇಕಾದರೆ ಗೋಧಿ ಕೊಡಿ, ಜಪ ಮಾಡುವವರು ಜಪ ಮಾಡಿ. ಬಸುರಿಯರಿಗೆ ಹೊತ್ತು ಹೊತ್ತಿಗೆ ಊಟ ಹಾಕಿ. ಗ್ರಹಣ ಬಿಟ್ಟ ಮೇಲೆ ಮೀಯುತ್ತೀರಲ್ಲ, ಈ ಸಲ ಮೀಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ನಿಮ್ಮ ಮಾತಿನಿಂದ ತಲೆ ತಗ್ಗಿಸಿದವರು ಯಾರಿದ್ದಾರೋ, ಅವರ ಎದುರು ಹೋಗಿ ಕೂತುಕೊಳ್ಳಿ. ಅದು ನಿನ್ನಿಂದ ಆದದ್ದಲ್ಲ ಅಂತ ಹೇಳಿ. ಮಕ್ಕಳಿಗೆ ಕೇಳುವ ಹಾಗೆ ಹೇಳಿ. ಮರುದಿನದಿಂದ ಮನೆಯಲ್ಲಿ ಏನು ಕೆಟ್ಟರೂ ಯಾರು ಕೆಡಿಸಿದರು ಅಂತ ಕೇಳುವ ಮೊದಲು ಒಮ್ಮೆ ಕನ್ನಡಿ ನೋಡಿಕೊಳ್ಳಿ.

ಆಮೇಲೆ ಮೀಯಿರಿ, ನೀರು ಮೈಗೆ ಹತ್ತುತ್ತದೆ. ಮಿಂದು ಬಂದು ಒಂದು ಸೌತೆಕಾಯಿ ಹೆಚ್ಚಿ, ಎಲ್ಲರೂ ಒಂದೊಂದು ಹೋಳು ತಿನ್ನಿ.